ಒಬ್ಬರ ದಾರಿಯ ಅಳತೆ

ನಮ್ಮೂರಿನಲ್ಲಿ ಜಗಳವಾಡಿದವರೂ ಜೊತೆಗೇ ನಡೆಯುತ್ತಾರೆ. ಹಿತ್ತಲ ಗೋಡೆಯ ವಿಷಯಕ್ಕೆ ಹದಿನಾಲ್ಕು ವರ್ಷ ಕೋರ್ಟಿಗೆ ಅಲೆದ ಅಣ್ಣತಮ್ಮಂದಿರಿಬ್ಬರು ಪ್ರತಿ ವಾಯಿದೆಗೂ ಒಬ್ಬ ಪೂರ್ವಕ್ಕೆ, ಇನ್ನೊಬ್ಬ ಪಶ್ಚಿಮಕ್ಕೆ ಮುಖ ತಿರುಗಿಸಿಕೊಂಡು ಒಟ್ಟಿಗೇ ಹೋಗಿ ಒಟ್ಟಿಗೇ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೇರೆ ಬೇರೆ ಹೊರಟಿದ್ದರೆ ಇಬ್ಬರೂ ಕೋರ್ಟು ಮುಟ್ಟುವಷ್ಟರಲ್ಲಿ ಜಡ್ಜು ಊಟಕ್ಕೆ ಎದ್ದಿರುತ್ತಿದ್ದರು. ನಮ್ಮೂರ ದಾರಿಗಳು ನಡೆಯುವವರ ತಲೆ ಎಣಿಸಿ ಹಿಗ್ಗುತ್ತವೆ, ಕುಗ್ಗುತ್ತವೆ. ಒಬ್ಬರಿಗೆ ಹರದಾರಿ, ಇಬ್ಬರಿಗೆ ಬೀದಿ, ನಾಲ್ವರಿಗೆ ಅಂಗಳ ಎನ್ನುವುದು ನಮ್ಮಲ್ಲಿ ಮಾತು ಕಲಿತ ಮಗುವಿಗೂ ಗೊತ್ತು.

ಅದಕ್ಕೇ ಹಿಂದೆ ಮೂಲೆಮೂಲೆಗೂ ಒಂದು ಜೊತೆಕಟ್ಟೆ ಇತ್ತು. ಮನೆಯಿಂದ ಹೊರಟವರು ಅಲ್ಲಿ ಕೂತು, ಅದೇ ದಿಕ್ಕಿಗೆ ಹೋಗುವ ಇನ್ನೊಬ್ಬರು ಬರುವ ತನಕ ಕಾಯುತ್ತಿದ್ದರು. ಊರಿನ ಅರ್ಧ ಮದುವೆಗಳು ಕುದುರಿದ್ದು ಆ ಕಟ್ಟೆಗಳ ಮೇಲೆ. ಸಾವಾದ ಮನೆಯವರನ್ನು ನಲವತ್ತು ದಿನ ಒಂಟಿಯಾಗಿ ಬೀದಿಗೆ ಇಳಿಯಲು ಬಿಡುತ್ತಿರಲಿಲ್ಲ, ಯಾರಾದರೂ ಒಬ್ಬರು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತೇ ಇರುತ್ತಿದ್ದರು. ಆಮೇಲೆ ಮೋಟರ್‌ಸೈಕಲ್ಲುಗಳು ಬಂದವು. ಗಾಡಿ ಹತ್ತಿದವರಿಗೆ ದಾರಿ ಯಾವತ್ತೂ ಒಂದೇ ಅಳತೆ, ಯಾರ ಹಂಗೂ ಇಲ್ಲ. ಹತ್ತು ವರ್ಷದೊಳಗೆ ಕಟ್ಟೆಗಳ ಮೇಲೆ ಮೊಬೈಲ್ ರೀಚಾರ್ಜಿನ ಡಬ್ಬಿ ಅಂಗಡಿಗಳು ಎದ್ದವು. ನಡೆಯುವವರೇ ಕಡಿಮೆಯಾದ ಮೇಲೆ, ನಡೆಯಲೇಬೇಕಾದವರಿಗೆ ಜೊತೆ ಎಲ್ಲಿಂದ ಸಿಗಬೇಕು?

ಹಾಗೆ ನಡೆಯಲೇಬೇಕಾದವಳು ಹೊನ್ನೂರಿ. ನಾಲ್ಕನೇ ಕ್ಲಾಸು. ಬೈಪಾಸು ರಸ್ತೆಯ ಆಚೆ, ಈರುಳ್ಳಿ ಗೋದಾಮಿನ ಹಿಂದಿನ ತಗಡಿನ ಮನೆಗಳ ಸಾಲಿನಲ್ಲಿ ಅವಳೂ ಅವಳ ತಾಯಿ ಕರಿಬಸಮ್ಮನೂ ಇದ್ದರು. ಕರಿಬಸಮ್ಮ ಗೋದಾಮಿನಲ್ಲಿ ಈರುಳ್ಳಿ ಆರಿಸುವವಳು, ಬೆಳಗಿನ ಆರಕ್ಕೆಲ್ಲ ಕೆಲಸದಲ್ಲಿ ಇರಬೇಕು. ಸಾಲಿನ ಉಳಿದ ಮಕ್ಕಳನ್ನು ಅಪ್ಪಂದಿರು ಗಾಡಿಯಲ್ಲಿ ಬಿಟ್ಟು ಬರುತ್ತಿದ್ದರು. ಹೊನ್ನೂರಿ ಏಳಕ್ಕೆ ಬೀಗ ಹಾಕಿ ಹೊರಟರೆ ಒಂಬತ್ತೂವರೆಯ ಗಂಟೆ ಹೊಡೆಯುವಾಗ ಶಾಲೆ ಸೇರುತ್ತಿದ್ದಳು. ಅಷ್ಟು ದೂರ ಒಬ್ಬಳೇ ಮಗ್ಗಿ ಹೇಳಿಕೊಂಡು ಬರುತ್ತಿದ್ದುದರಿಂದ ಇಡೀ ಶಾಲೆಯಲ್ಲಿ ಹದಿನೇಳರ ತನಕ ತಪ್ಪಿಲ್ಲದೆ ಹೇಳುವವಳು ಅವಳೊಬ್ಬಳೇ.

ದೂರ ಇದ್ದರೆ ಇರಲಿ, ಕಾಲು ಸವೆದರೆ ಯಾರೂ ಸಾಯುವುದಿಲ್ಲ. ತೊಂದರೆ ಇದ್ದದ್ದು ಬೈಪಾಸಿನಲ್ಲಿ. ಒಂಟಿಯಾಗಿ ದಾಟುವವರಿಗೆ ರಸ್ತೆಯ ಉದ್ದ ಮಾತ್ರವಲ್ಲ, ಅಗಲವೂ ಬೆಳೆಯುತ್ತದೆ. ಇಬ್ಬರು ಹನ್ನೆರಡು ಹೆಜ್ಜೆಯಲ್ಲಿ ದಾಟುವ ಡಾಂಬರು ಆ ಮಗುವಿಗೆ ಒಂದು ಒಣಗಿದ ಕೆರೆಯಷ್ಟು ಅಗಲ. ಲಾರಿಯವನಿಗೆ ಮಾತ್ರ ಅದು ಎಂದಿನ ರಸ್ತೆಯೇ. ಅವಳು ನಡುವೆ ಇರುವಾಗ ಅವನು ಆಕಾಶದಿಂದ ಉದುರಿದ ಹಾಗೆ ಬರುತ್ತಾನೆ. ಆಷಾಢದಲ್ಲಿ ಒಂದು ದಿನ ಹಾಗೇ ಒಂದು ಲಾರಿಯ ಹಿಂಬದಿ ಅವಳ ಬೆನ್ನಿನ ಚೀಲವನ್ನು ಕಿತ್ತುಕೊಂಡು ಹೋಯಿತು. ಮೊಣಕೈ ತರಚಿದ್ದು ಬಿಟ್ಟರೆ ಮಗುವಿಗೆ ಏನೂ ಆಗಲಿಲ್ಲ.

ಮರುದಿನ ಕರಿಬಸಮ್ಮ ಆ ಚೀಲವನ್ನು ತಂದು ನನ್ನ ಮೇಜಿನ ಮೇಲೆ ಇಟ್ಟಳು. ನಾನು ಹಾಲಪ್ಪ, ಪುರಸಭೆಯಲ್ಲಿ ಅಳತೆ ಗುಮಾಸ್ತ. ಚೀಲದ ಒಂದು ಪಟ್ಟಿ ಇರಲಿಲ್ಲ, ಒಳಗೆ ಸ್ಲೇಟು ಮೂರು ಚೂರಾಗಿತ್ತು.

"ಸಂಕ್ರಾಂತಿ ತನಕ ಕಾಯ್ತೀನಿ ಸಾರ್," ಎಂದಳು. ದನಿ ಏರಿಸಲೇ ಇಲ್ಲ. "ಅಷ್ಟ್ರೊಳಗೆ ನನ್ ಮಗು ಕಾಲಿಡೋಕೆ ಒಂದು ದಾರಿ ಮಾಡ್ಕೊಡ್ರಿ. ಆಗ್ದಿದ್ರೆ ಶಾಲೆ ಬಿಡಿಸಿ ನನ್ ಜೊತೆ ಗೋದಾಮಿಗೆ ಕರ್ಕಂಡು ಹೋಗ್ತೀನಿ. ಓದಿಲ್ದಿದ್ರೂ ಜೀವ ಇರ್ತೈತೆ."

ಅವಳು ಹೋದ ಮೇಲೂ ಮೇಜಿನ ಮೇಲೆ ಈರುಳ್ಳಿಯ ವಾಸನೆ ಉಳಿದಿತ್ತು. ನನಗೆ ಮಕ್ಕಳಿಲ್ಲ, ಹೆಂಡತಿ ಹೋಗಿ ಆರು ವರ್ಷವಾಯಿತು. ಬೇರೆಯವರ ಮಕ್ಕಳ ವಿಷಯದಲ್ಲಿ ತಲೆ ಹಾಕುವ ಮನುಷ್ಯನೂ ನಾನಲ್ಲ. ಆದರೂ ಆ ಸ್ಲೇಟಿನ ಚೂರುಗಳನ್ನು ಕಸದ ಬುಟ್ಟಿಗೆ ಹಾಕಲು ಕೈ ಬರಲಿಲ್ಲ.

ಅದೇ ವಾರ ಮೇಲಿನಿಂದ ಒಂದು ಸುತ್ತೋಲೆ ಬಂದಿತ್ತು. ಶಾಲೆಗೆ ನಡೆದು ಹೋಗುವ ಮಕ್ಕಳಿಗೆ ಸುರಕ್ಷಿತ ದಾರಿ ಕಟ್ಟಿಸಲು ಸಣ್ಣ ಊರುಗಳಿಗೆ ಅನುದಾನ. ಕಲ್ಲು ಹಾಸಿದ ಕಾಲುದಾರಿ, ರಸ್ತೆ ದಾಟುವಲ್ಲಿ ನಡುವೆ ನಿಲ್ಲಲು ಒಂದು ಕಟ್ಟೆ, ಎರಡೂ ಕಡೆ ಉಬ್ಬು. ಸಾಹೇಬರು ಅರ್ಜಿಯನ್ನು ನನ್ನ ಕಡೆ ತಳ್ಳಿ, "ಹಾಲಪ್ಪ, ಅಳತೆ ಬರೆದು ಕಳಿಸಿಬಿಡಿ," ಎಂದರು. ನಾನೂ ಮಕಬೂಲನೂ ಟೇಪು ತೆಗೆದುಕೊಂಡು ಹೊರಟೆವು.

ಮಕಬೂಲನ ಬಗ್ಗೆ ಹೇಳಬೇಕು. ಮೂವತ್ತೊಂದು ವರ್ಷದಿಂದ ಟೇಪಿನ ಸೊನ್ನೆಯ ತುದಿ ಅವನದು, ಓದುವ ತುದಿ ನನ್ನದು. ಊರಿನಲ್ಲಿ ನಾವಿಬ್ಬರು ಅಳೆಯದ ಚರಂಡಿಯಿಲ್ಲ. ಹೆಂಡತಿ ಸತ್ತಾಗ ನಲವತ್ತು ದಿನ ನನ್ನ ಬಾಗಿಲಲ್ಲಿ ನಿಂತವನು ಅವನೇ, ನಲವತ್ತೊಂದನೆಯ ದಿನವೂ ನಿಂತಿದ್ದ, ಆಮೇಲೆ ನಾನು ಬೇಡ ಎನ್ನಲಿಲ್ಲ, ಅವನು ಬಿಡಲಿಲ್ಲ. ಹೀಗಾಗಿ ಒಬ್ಬನೇ ನಡೆಯುವುದು ಹೇಗಿರುತ್ತದೆ ಎನ್ನುವುದು ನನಗೆ ಮರೆತೇ ಹೋಗಿತ್ತು.

ತಗಡಿನ ಸಾಲಿನಿಂದ ಶಾಲೆಯ ಗೇಟಿಗೆ ಮುನ್ನೂರ ನಲವತ್ತು ಮೀಟರು ಬಂತು. ಬರೆದು ಕಳಿಸಿದೆವು. ಹದಿನೈದು ದಿನಕ್ಕೆ ಅರ್ಜಿ ವಾಪಸ್ಸಾಯಿತು. ಒಂದು ಕಿಲೋಮೀಟರಿಗೆ ಕಡಿಮೆ ಇರುವ ದಾರಿಗೆ ಅನುದಾನವಿಲ್ಲವಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ. ತಪ್ಪಿ ಓದಿದೆವೋ ಏನೋ ಅಂತ ಇನ್ನೊಮ್ಮೆ ಹೋಗಿ ಅಳೆದೆವು. ಮತ್ತೆ ಮುನ್ನೂರ ನಲವತ್ತೇ. ಶಾಲೆಯ ಮುಂದೆ ಟೇಪು ಸುತ್ತುತ್ತಾ ನಿಂತಿದ್ದಾಗ ಹೊನ್ನೂರಿ ಬಂದಳು. ಪಟ್ಟಿಯಿಲ್ಲದ ಕಡೆ ದಾರ ಕಟ್ಟಿದ ಅದೇ ಚೀಲ. ಮುಷ್ಟಿಯಲ್ಲಿ ಒಂದು ತುಂಡು ಸೀಮೆಸುಣ್ಣ.

"ಎಷ್ಟು ಬಂತು ತಾತ?" ಎಂದಳು. ನನಗೆ ಐವತ್ತಾರು, ತಾತ ಅಂದದ್ದು ಅವಳೇ ಮೊದಲು. ಮಕಬೂಲ ಕಿಸಕ್ಕನೆ ನಕ್ಕ.

"ಮುನ್ನೂರ ನಲವತ್ತು," ಎಂದೆ ಗಂಟು ಮುಖ ಹಾಕಿಕೊಂಡು.

"ನಂಗೆ ಅಷ್ಟಲ್ಲ. ಹದಿನೇಳರ ತನಕ ಎರಡು ಸಲ ಹೇಳಿದ್ರೆ ಬೈಪಾಸು ಬರ್ತೈತೆ. ಆಮೇಲೆ ಮೂರು ಸಲ ಹೇಳಿದ್ರೆ ಶಾಲೆ." ಅವಳು ಟೇಪಿನ ಕಡೆ, ಆಮೇಲೆ ನಮ್ಮಿಬ್ಬರ ಕಡೆ ನೋಡಿದಳು. "ಇಬ್ರೂ ಹಿಡ್ಕಂಡಿದೀರಲ್ಲ ತಾತ. ಚಿಕ್ಕದೇ ಬರೋದು."

ಟೇಪು ನನ್ನ ಕೈಯಲ್ಲೇ ನಿಂತಿತು. ಟೇಪಿಗೆ ಎರಡು ತುದಿ, ಎರಡು ತುದಿಗೆ ಇಬ್ಬರು ಆಳು. ನಮಗಿಂತ ಹಿಂದಿನವರು ಸರಪಳಿ ಹಿಡಿದಾಗಲೂ ಇಬ್ಬರೇ. ಪುರಸಭೆಯ ಬೀರುಗಳಲ್ಲಿ ಇರುವ ಅಷ್ಟೂ ಕಡತಗಳಲ್ಲಿ ಒಬ್ಬ ಮನುಷ್ಯ ನಡೆಯುವ ದಾರಿ ಒಂದೇ ಒಂದೂ ಇರಲಿಲ್ಲ. ಮೂವತ್ತೊಂದು ವರ್ಷ ನಾವು ಜೊತೆಯಿರುವವರ ಊರನ್ನು ಅಳೆದು, ಅದನ್ನೇ ಊರು ಅಂತ ಬರೆದುಕೊಂಡು ಬಂದಿದ್ದೆವು. ಮಕಬೂಲ ಗೇಟಿನ ಕಲ್ಲಿನ ಮೇಲೆ ಕುಸಿದು ಕೂತ. "ಅಲ್ಲಾ," ಎಂದ ಮೆಲ್ಲಗೆ, "ಅಷ್ಟೂ ತಪ್ಪೇನಯ್ಯ?"

ಆಗ ನನಗೆ ಇನ್ನೊಂದು ಹೊಳೆಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಅನುದಾನ ಯಾಕೆ, ಕಾಲು ನನಗೂ ಇವೆಯಲ್ಲ. "ನಾಳೆಯಿಂದ ನಾನೇ ನಿನ್ನ ಜೊತೆ ಬರ್ತೀನಿ ಬಿಡು," ಎಂದೆ, ಭಾರಿ ಉಪಕಾರ ಮಾಡಿದವನ ಹಾಗೆ.

ಹೊನ್ನೂರಿ ಸ್ವಲ್ಪ ಯೋಚಿಸಿದಳು. "ನೀವು ಬರದ ದಿನ?" ಎಂದಳು.

ಜ್ವರ ಬಂದ ದಿನ, ಊರಿಗೆ ಹೋದ ದಿನ, ಇನ್ನು ನಾಲ್ಕು ವರ್ಷಕ್ಕೆ ರಿಟೈರಾದ ದಿನ, ಆಮೇಲೆ ಒಂದು ದಿನ ಸತ್ತ ದಿನ. ಬೆರಳು ಮಡಚಿ ಎಣಿಸತೊಡಗಿದೆ. ಅವಳು ಉತ್ತರಕ್ಕೆ ಕಾಯದೆ ಬಗ್ಗಿ, ಗೇಟಿನ ಮುಂದೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಳು. "ಎಲ್ಲಿಗೆ ಯಾವ ಮಗ್ಗಿ ಮುಗೀತು ಅಂತ ಗುರುತು," ಎಂದು ಒಳಗೆ ಓಡಿದಳು. ಆ ದಾರಿಯಲ್ಲಿ ಅಲ್ಲಲ್ಲಿ ಬೆಳ್ಳಗೆ ಒಂದು ಮಬ್ಬು ಕಲೆ ಕಾಣುವುದನ್ನು ಊರೆಲ್ಲ ನೋಡಿತ್ತು. ಸುಣ್ಣ ಬಳಿಯುವ ಆಳು ಡಬ್ಬ ಚೆಲ್ಲಿದ್ದಾನೆ ಅಂತ ಬೈದು ಅವನ ಕೂಲಿ ಬೇರೆ ಹಿಡಿದಿದ್ದರು. ಜೊತೆಯಲ್ಲಿ ನಡೆಯುವವರ ದಾರಿ ಮಡಚಿಕೊಂಡಾಗ ಆ ಹುಡುಗಿಯ ಸಾವಿರ ಗೆರೆಗಳು ಒಂದರ ಮೇಲೊಂದು ಕೂತು ಕಲೆಯಾಗಿದ್ದವು.

ಸೋಮವಾರ ಬೆಳಿಗ್ಗೆ ಹತ್ತರ ಮೇಲೆ, ಹುಡುಗಿ ಶಾಲೆಯಲ್ಲಿದ್ದಾಗ, ನಾನು ಒಬ್ಬನೇ ಹೊರಟೆ. ಮಕಬೂಲನ ತುದಿಗೆ ಒಂದು ಕಬ್ಬಿಣದ ಗೂಟ. ನೆಲಕ್ಕೆ ಹೊಡೆದು, ಟೇಪು ಬಿಚ್ಚುತ್ತಾ ಹೋಗಿ, ಗುರುತು ಹಾಕಿ, ಮತ್ತೆ ಹಿಂದಕ್ಕೆ ಬಂದು ಗೂಟ ಕೀಳಬೇಕು. ಮಕಬೂಲ ಗೋದಾಮಿನ ಮೂಲೆಯ ತನಕ ಬಂದು ಅಲ್ಲೇ ನಿಂತ. ತಿರುಗಿ ನೋಡಿದಾಗ ಕೈ ಎತ್ತಿದ. ಇನ್ನೊಮ್ಮೆ ತಿರುಗಿದಾಗ ಅವನು ಇರಲಿಲ್ಲ, ಮೂಲೆಯೂ ಇರಲಿಲ್ಲ. ಸತ್ಯ ಹೇಳಿಬಿಡುತ್ತೇನೆ, ನನಗೆ ಹೆದರಿಕೆಯಾಯಿತು.

ದಾರಿ ಅದೇ. ಅದೇ ತಗಡಿನ ಗೋಡೆ, ಅದೇ ಬೇವಿನ ಮರ, ಅದೇ ಹೊಲಿಗೆ ಅಂಗಡಿ. ಆದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಸುಮ್ಮನೆ ಬಿಸಿಲು ಹಾಸಿಕೊಂಡಿತ್ತು. ಬೇವಿನ ಮರ ದಾಟಿ ಒಂದು ಟೇಪು, ಎರಡು ಟೇಪು, ಹತ್ತು ಟೇಪು ನಡೆದರೂ ಬೇವಿನ ಎಲೆಗಳು ಕಾಲ ಮುಂದೆ ಉರುಳುತ್ತಿದ್ದವು. ಯಾರ ಮನೆಯಲ್ಲೋ ಒಗ್ಗರಣೆ ಹಾಕಿದ ವಾಸನೆ ಅರ್ಧ ಗಂಟೆ ನನ್ನ ಜೊತೆಗೆ ಬಂತು. ಹೊಲಿಗೆ ಮೆಷಿನ್ನಿನ ಸದ್ದು ಒಂದು ಹೊಲಿಗೆ ಕೇಳಿಸಿ, ಬಹಳ ಹೊತ್ತಿನ ಮೇಲೆ ಇನ್ನೊಂದು ಕೇಳಿಸಿತು. ಮೋಟರ್‌ಸೈಕಲ್ಲುಗಳು ಕಣ್ಣಂಚಿನಲ್ಲಿ ಮಿಂಚಿ ಮಾಯವಾಗುತ್ತಿದ್ದವು. ಒಂದು ಕೋಳಿ ಮಾತ್ರ ನನ್ನಷ್ಟೇ ನಿಧಾನವಾಗಿ ಚರಂಡಿಯ ಆಚೆ ನಡೆಯುತ್ತಿತ್ತು, ಪಾಪ, ಅದೂ ಒಂಟಿಯೇ ಇರಬೇಕು.

ಮೂವತ್ತನೆಯ ಟೇಪಿಗೋ ಏನೋ, ನನ್ನ ಹೆಂಡತಿ ಅಕ್ಕಿ ಆರಿಸುವಾಗ ಗುನುಗುತ್ತಿದ್ದ ಒಂದು ಸೊಲ್ಲು ನೆನಪಾಯಿತು. ಆರು ವರ್ಷದಿಂದ ಅದು ಎಲ್ಲಿತ್ತೋ. ಮಕಬೂಲ ಪಕ್ಕದಲ್ಲಿದ್ದರೆ ಮಾತಿಗೆ ಮಾತು ಬೆಳೆಯುತ್ತದೆ, ಅಂಥದ್ದಕ್ಕೆಲ್ಲ ಜಾಗವಿರುವುದಿಲ್ಲ. ಗೂಟದ ಪಕ್ಕ ಕುಕ್ಕರುಗಾಲಲ್ಲಿ ಕೂತು ಸ್ವಲ್ಪ ಹೊತ್ತು ಅತ್ತೆ. ನೋಡುವವರು ಯಾರೂ ಇರಲಿಲ್ಲ, ಅಷ್ಟರ ಮಟ್ಟಿಗೆ ಆ ದಾರಿ ಒಳ್ಳೆಯದು. ಕಣ್ಣು ಒರೆಸಿಕೊಂಡಾಗ ಕಂಡದ್ದು ಸೀಮೆಸುಣ್ಣದ ಗೆರೆ, ಪಕ್ಕದಲ್ಲಿ ಸೊಟ್ಟಗೆ ಬರೆದ ಹದಿಮೂರು. ಮುಂದೆ ಹದಿನಾಲ್ಕು. ಅದರ ಮುಂದೆ ಹದಿನೈದು, ಪಕ್ಕದಲ್ಲಿ ಮಳೆಗೆ ಅರ್ಧ ಅಳಿಸಿದ ಒಂದು ಹೂವು. ಒಂಟಿಯಾಗಿ ನಡೆಯುವವರೆಲ್ಲ ನಡೆಯುವುದು ಇದೊಂದೇ ದಾರಿ ಎನ್ನುವುದು ನನಗೆ ಆಗ ತಿಳಿಯಿತು. ಒಬ್ಬರಿಗೊಬ್ಬರು ಸಿಗುವುದಿಲ್ಲ ಅಷ್ಟೇ, ಮಾತು ಕೇಳಿಸುವಷ್ಟು ಹತ್ತಿರ ಬಂದರೆ ಅದು ಒಂಟಿ ದಾರಿಯಾಗಿ ಉಳಿಯುವುದಿಲ್ಲ.

ಬೈಪಾಸಿಗೆ ಕಾಲಿಟ್ಟೆ. ಆಚೆ ದಡ ಬಿಸಿಲಿನಲ್ಲಿ ನಡುಗುತ್ತಿತ್ತು. ನಡುವೆ ಎರಡು ಸಲ ಲಾರಿಗಳು ನನ್ನ ಅಂಗಿಯನ್ನು ಎಳೆದುಕೊಂಡು ಹೋದವು. ಆ ಮಗು ದಿನಾ ಇಲ್ಲಿ, ಮಗ್ಗಿ ಹೇಳಿಕೊಂಡು. ಸಂಜೆ ನಾಲ್ಕಕ್ಕೆ, ಶಾಲೆ ಬಿಡುವ ಮೊದಲೇ, ಗೇಟು ಮುಟ್ಟಿದೆ. ನಾಲ್ಕು ಸಾವಿರದ ನೂರ ಹತ್ತು ಮೀಟರು. ಅರ್ಜಿಯಲ್ಲಿ ಹಳೆಯದನ್ನು ಹೊಡೆದು ಹಾಕಿ ಇದನ್ನು ಬರೆದೆ.

ದಸರೆ ಕಳೆದ ಮೇಲೆ ಯೋಜನೆಯ ಕಚೇರಿಯಿಂದ ವಿನೋದಿನಿ ಮೇಡಂ ಕಾರಿನಲ್ಲಿ ಬಂದರು. ಇಳಿದವರೇ, "ಎಲ್ಲಿ, ನನ್ನ ಮುಂದೆ ಅಳೀರಿ," ಎಂದರು. ತಗಡಿನ ಸಾಲಿನ ಹತ್ತಿರ ಗಿಡ್ಡ ಗೋಡೆಯ ಮೇಲೆ ತಮ್ಮ ಫೈಲು ಇಟ್ಟು, ಟೇಪು ನೆಟ್ಟಗಿದೆಯೋ ಇಲ್ಲವೋ ಅಂತ ಬಗ್ಗಿ ನೋಡಿದರು. ನಾನು, ಮಕಬೂಲ, ಅವರು, ಒಟ್ಟು ಮೂವರು. ಇನ್ನೂರ ಇಪ್ಪತ್ತು ಬಂತು.

ಶಾಲೆಯ ಜಗಲಿಯ ಮೇಲೆ ಕೂತು ಮೇಡಂ ನನ್ನ ಮುಖವನ್ನೇ ನೋಡಿದರು. "ಏನ್ರೀ ಹಾಲಪ್ಪ, ಮೊದಲು ಮುನ್ನೂರು, ಆಮೇಲೆ ನಾಲ್ಕು ಸಾವಿರ, ಈಗ ಇನ್ನೂರು. ಅನುದಾನಕ್ಕೋಸ್ಕರ ಸುಳ್ಳು ಬರೆಯೋಕೆ ನಾಚಿಕೆ ಆಗಲ್ವಾ? ನಿಮ್ಮ ಸಾಹೇಬರಿಗೆ ಬರೀತೀನಿ."

"ಒಬ್ರೇ ನಡೆದು ನೋಡಿ ಮೇಡಂ," ಎಂದೆ.

"ಈ ಊರಿನ ಕಥೆ ನಾನೂ ಕೇಳಿದ್ದೀನಿ," ಎಂದು ನಕ್ಕರು. ಆಮೇಲೆ ಮಡಿಲು, ಪಕ್ಕ, ಜಗಲಿ ಎಲ್ಲ ತಡಕಿದರು. "ಅಯ್ಯೋ, ಫೈಲು ಆ ಗೋಡೆ ಮೇಲೇ ಉಳೀತು. ಡ್ರೈವರ್ ಊಟಕ್ಕೆ ಹೋಗಿದಾನೆ. ಇರಲಿ, ಇಲ್ಲೇ ಅಲ್ವಾ, ತಂದುಬಿಡ್ತೀನಿ."

ಮಕಬೂಲ ಆಗಲೇ ಎದ್ದು ನಿಂತಿದ್ದ. ಬಂದ ಅತಿಥಿಯನ್ನು ಒಂಟಿಯಾಗಿ ಬೀದಿಗೆ ಕಳಿಸುವುದು ನಮ್ಮೂರಿನಲ್ಲಿ ಎಲೆಯ ಮುಂದೆ ಕೂತವರನ್ನು ಎಬ್ಬಿಸುವುದಕ್ಕಿಂತ ದೊಡ್ಡ ಅವಮಾನ. ನನ್ನ ಕಾಲುಗಳೂ ತಾವಾಗಿಯೇ ಎದ್ದಿದ್ದವು. ನಾನು ಮಕಬೂಲನ ಮಣಿಕಟ್ಟು ಹಿಡಿದು, "ಕೂತ್ಕೋ," ಎಂದೆ. ಅವನು ನನ್ನನ್ನು ನೋಡಿದ, ಹೋಗುತ್ತಿದ್ದ ಹೆಂಗಸಿನ ಬೆನ್ನನ್ನು ನೋಡಿದ, ಆಮೇಲೆ ಕೂತ. ಇಬ್ಬರೂ ತಲೆ ತಗ್ಗಿಸಿಕೊಂಡು ಕೂತೆವು. ಅಷ್ಟು ನಾಚಿಕೆ ನನಗೆ ಸುಳ್ಳು ಬರೆದಿದ್ದರೂ ಆಗುತ್ತಿರಲಿಲ್ಲ.

ಮಧ್ಯಾಹ್ನದ ಬಿಸಿಯೂಟ ಮುಗಿಯಿತು, ಮಕ್ಕಳು ತಟ್ಟೆ ತೊಳೆದರು, ಆಟದ ಗಂಟೆ ಹೊಡೆಯಿತು. ಮೂರೂಕಾಲಿಗೆ ಮೇಡಂ ಬಂದರು. ಮೊಣಕಾಲಿನ ತನಕ ಧೂಳು, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದ್ದರು, ಬೆರಳ ತುದಿಗೆ ಸೀಮೆಸುಣ್ಣ ಹತ್ತಿತ್ತು. ಮಕಬೂಲ ನೀರು ಕೊಟ್ಟ. ಒಂದು ಚೊಂಬು ಪೂರ್ತಿ ಕುಡಿದು ಕೂತರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಬೇಡ ಎಂದು ಕೈ ಮಾಡಿದರು.

"ಹದಿನೈದರ ಹತ್ತಿರ ಒಂದು ಹೂವು ಬರೆದಿದ್ದಾಳೆ," ಎಂದರು. ಬೆರಳಿನ ಸುಣ್ಣವನ್ನು ಸೀರೆಗೆ ಒರೆಸಿಕೊಂಡು, "ಆ ಬೈಪಾಸು ದಿನಾ ದಾಟ್ತಾಳಾ?" ಎಂದರು. ಮಕಬೂಲ ತಲೆಯಾಡಿಸಿದ. ಅವರು ಫೈಲು ತೆಗೆದು ನಾಲ್ಕು ಸಾವಿರದ ನೂರ ಹತ್ತರ ಪಕ್ಕದಲ್ಲಿ ಸಹಿ ಹಾಕಿದರು. ಕಾರಿನ ತನಕ ನಾವಿಬ್ಬರೂ ಜೊತೆಗೆ ಹೋದೆವು.

ದೀಪಾವಳಿ ಮುಗಿದ ಮೇಲೆ ಕಲ್ಲು ಬಂತು. ಲಾರಿ ಲಾರಿ ಚಪ್ಪಡಿ. ಗುತ್ತಿಗೆಯವನು ಹನ್ನೆರಡು ಆಳು ಕರೆತಂದ. ಹನ್ನೆರಡು ಜನ ಇಳಿದ ಕೂಡಲೇ ದಾರಿ ಒಂದು ದೊಡ್ಡ ಮನೆಯ ಪಡಸಾಲೆಯಷ್ಟಾಯಿತು. ಸಂಜೆಯೊಳಗೆ ಹಾಸಿ ಮುಗಿಸಿ, ಫೋಟೋ ತೆಗೆದು, ಉಳಿದ ಕಲ್ಲಿನ ಗುಡ್ಡವನ್ನು ಶಾಲೆಯ ಪಕ್ಕ ಸುರಿದು ಹೋದರು. ಬೈಪಾಸಿನ ಎರಡೂ ಕಡೆ ಉಬ್ಬು ಎದ್ದಿತು, ನಡುಗಟ್ಟೆ ಎಂದು ನಡುವೆ ನಾಲ್ಕು ಕಲ್ಲು ಕೂರಿಸಿದರು. ಅಷ್ಟು ಕಲ್ಲು ಉಳಿದದ್ದು ಯಾಕೆ ಅಂತ ಯಾರಿಗೂ ಅನುಮಾನ ಬರಲಿಲ್ಲ, ನನಗೂ ಬರಲಿಲ್ಲ. ಮಾಡಿದ ತಪ್ಪನ್ನೇ ಇನ್ನೊಮ್ಮೆ ಮಾಡುವುದರಲ್ಲಿ ನಾವು ನಿಸ್ಸೀಮರು.

ಮರುದಿನ ಹೊನ್ನೂರಿ ನನ್ನ ಮೇಜಿನ ಮುಂದೆ ನಿಂತಳು. "ಒಂದು ಕಲ್ಲಿಂದ ಇನ್ನೊಂದು ಕಲ್ಲಿಗೆ ಹೋಗೋ ಅಷ್ಟ್ರಲ್ಲಿ ಒಂದು ಮಗ್ಗಿ ಮುಗೀತೈತೆ ತಾತ. ನಡುಗಟ್ಟೆದು ನಾಲ್ಕು ಕಲ್ಲೂ ನಾಲ್ಕು ದಿಕ್ಕಿಗೆ ಅವೆ. ಒಂದರ ಮೇಲೆ ನಿಂತ್ಕಂಡ್ರೆ ಒಂದೇ ಕಾಲು ಹಿಡಿಸ್ತೈತೆ." ಅವಳು ದೂರು ಹೇಳುತ್ತಿರಲಿಲ್ಲ. ಹೇಗಿದೆಯೋ ಹಾಗೆ ವರದಿ ಒಪ್ಪಿಸುತ್ತಿದ್ದಳು. ಸಂಕ್ರಾಂತಿಗೆ ಎರಡು ತಿಂಗಳೂ ಇರಲಿಲ್ಲ.

ಒಬ್ಬರ ದಾರಿಗೆ ಒಬ್ಬರೇ ಕಲ್ಲು ಹಾಸಬೇಕು, ಬೇರೆ ಉಪಾಯವಿಲ್ಲ. ಮರುದಿನದಿಂದ ಹತ್ತರ ಗಂಟೆ ಹೊಡೆದ ಮೇಲೆ, ಹುಡುಗಿ ಶಾಲೆ ಸೇರಿದ ಮೇಲೆ, ತಳ್ಳುಗಾಡಿಯಲ್ಲಿ ಕಲ್ಲು ತುಂಬಿಕೊಂಡು ಒಬ್ಬನೇ ಹೊರಟೆ. ಮೊದಲ ದಿನ ನಲವತ್ತು ಹೆಜ್ಜೆ ಹಾಸಿದೆ, ಬೆನ್ನು ಮುರಿಯಿತು. ಹೀಗಾದರೆ ಮುಂದಿನ ಸಂಕ್ರಾಂತಿಗೂ ಆಗುವುದಿಲ್ಲ. ಮರುದಿನ ಹೋದಾಗ ನನ್ನ ಕೊನೆಯ ಕಲ್ಲಿನ ಮುಂದೆ ಇನ್ನೂ ಮೂವತ್ತು ಹೆಜ್ಜೆ ಹಾಸಿತ್ತು, ಗಾರೆ ಹಸಿಯಾಗಿತ್ತು. ಕಲ್ಲಿನ ಅಂಚುಗಳು ದಾರ ಹಿಡಿದಷ್ಟು ನೆಟ್ಟಗೆ. ಅಷ್ಟು ನೆಟ್ಟಗೆ ಇಡುವವನು ಊರಿನಲ್ಲಿ ಒಬ್ಬನೇ. ಕಚೇರಿಯಲ್ಲಿ ಮಕಬೂಲ ಸೊಂಟ ಹಿಡಿದುಕೊಂಡು ಕೂತಿದ್ದ, ನಾನೂ ಸೊಂಟ ಹಿಡಿದುಕೊಂಡೇ ಪಕ್ಕದಲ್ಲಿ ಕೂತೆ.

ಆಮೇಲೆ ಅದು ಹೇಗೋ ಊರಿಗೆ ಗೊತ್ತಾಯಿತು. ಇನ್ನೂ ಉಳಿದಿದ್ದ ಒಂದು ಜೊತೆಕಟ್ಟೆಯ ಗೋಡೆಗೆ ಯಾರೋ ಇದ್ದಿಲಿನಲ್ಲಿ ಗೆರೆ ಹಾಕಿ ಸರದಿ ಬರೆದರು, ಯಾವ ಹೊತ್ತು ಯಾರದು ಅಂತ. ಒಬ್ಬರು ಹೊರಬಂದ ಮೇಲೇ ಇನ್ನೊಬ್ಬರು. ಹೊಲಿಗೆ ಅಂಗಡಿಯವನು ಹೋದ. ಸುಣ್ಣ ಚೆಲ್ಲಿದ ಅಂತ ಬೈಸಿಕೊಂಡಿದ್ದ ಆಳು ಹೋದ. ಕೋರ್ಟಿನ ಅಣ್ಣತಮ್ಮಂದಿರು ಒಬ್ಬ ಭಾನುವಾರ ಬೆಳಿಗ್ಗೆ, ಇನ್ನೊಬ್ಬ ಭಾನುವಾರ ಸಂಜೆ ಹೋಗಿ ಬಂದರು. ಅಣ್ಣ ಹಾಸಿದ ಕಡೆಯಿಂದ ತಮ್ಮ ಶುರು ಮಾಡಬೇಕಾಯಿತು. ಬಂದ ಮೇಲೆ ಇಬ್ಬರೂ ಕಟ್ಟೆಯ ಮೇಲೆ ಮಾತಿಲ್ಲದೆ ಒಂದು ಟೀ ಹಂಚಿಕೊಂಡು ಕುಡಿದದ್ದನ್ನು ನಾನು ನೋಡಿದೆ. ಹೋಗಿ ಬಂದವರು ಯಾರೂ ಅಲ್ಲಿ ಏನು ನೆನಪಾಯಿತು ಎಂದು ಹೇಳುತ್ತಿರಲಿಲ್ಲ. ಕೆಲವರ ಕಣ್ಣು ಕೆಂಪಗಿರುತ್ತಿತ್ತು, ಕೆಲವರು ಸರದಿ ಇಲ್ಲದಿದ್ದರೂ ಇನ್ನೊಂದು ದಿನ ಕೇಳುತ್ತಿದ್ದರು.

ಕರಿಬಸಮ್ಮನೂ ತನ್ನ ವಾರದ ರಜೆಯಲ್ಲಿ ಬಂದಳು. ಅವಳು ಕೇಳಿ ಪಡೆದದ್ದು ಬೈಪಾಸಿನ ನಡುಗಟ್ಟೆ. ಲಾರಿಗಳ ನಡುವೆ ಒಬ್ಬಳೇ ಮೂರು ವಾರ, ವಾರಕ್ಕೊಂದು ದಿನ. ಅವಳು ಬಿಟ್ಟು ಹೋದ ಕಡೆಯಿಂದ ನಾನು ಮುಂದುವರಿಸಿದಾಗ ನೋಡಿದೆ, ಕಲ್ಲು ಕಲ್ಲಿನ ನಡುವೆ ಉಗುರು ತೂರಿಸಲೂ ಜಾಗವಿರಲಿಲ್ಲ. ಸಂಕ್ರಾಂತಿಯ ಹಿಂದಿನ ದಿನ ಸಂಜೆ ಕೊನೆಯ ಕಲ್ಲು ಕೂರಿಸಿದವನು ನಾನು. ಆ ಕಟ್ಟೆ ಒಂದು ಮಗು ಕೂರುವಷ್ಟಲ್ಲ, ಮಲಗುವಷ್ಟಿತ್ತು.

ಹಬ್ಬ ಕಳೆದು ಶಾಲೆ ತೆರೆದ ಬೆಳಿಗ್ಗೆ ಕರಿಬಸಮ್ಮ ಅರ್ಧ ದಿನ ರಜೆ ಹಾಕಿ, ಗೋದಾಮಿನ ಟೆಂಪೋ ಹತ್ತಿ ಶಾಲೆಯ ಗೇಟಿಗೆ ಬಂದು ನಿಂತಳು. ಮಗಳ ಜೊತೆ ಬರಲಿಲ್ಲ, ಬಂದಿದ್ದರೆ ನೋಡಬೇಕಾದದ್ದನ್ನು ನೋಡಿದಂತಾಗುತ್ತಿರಲಿಲ್ಲ. ನಾನೂ ಮಕಬೂಲನೂ ಪಕ್ಕದಲ್ಲಿ ನಿಂತೆವು. ಒಂಬತ್ತೂವರೆಯ ಗಂಟೆ ಹೊಡೆಯಿತು. ಹುಡುಗಿ ಇಲ್ಲ. ಪ್ರಾರ್ಥನೆ ಮುಗಿಯಿತು, ಮಕ್ಕಳು ಒಳಗೆ ಹೋದರು. ಕರಿಬಸಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದಳು. ಹತ್ತಕ್ಕೆ ಐದು ನಿಮಿಷ.

ತಿರುವಿನಲ್ಲಿ ಹೊನ್ನೂರಿ ಕಂಡಳು. ಓಡುತ್ತಿರಲಿಲ್ಲ. ಕಲ್ಲಿನಿಂದ ಕಲ್ಲಿಗೆ ಕಾಲು ಹಾಕುತ್ತಾ, ಏನೋ ಜಗಿಯುತ್ತಾ ಬರುತ್ತಿದ್ದಳು.

"ಎಲ್ಲಿ ಸತ್ತಿದ್ದೆ?" ಎಂದಳು ಕರಿಬಸಮ್ಮ.

"ನಡುಗಟ್ಟೆ ಮ್ಯಾಲೆ ಕೂತ್ಕಂಡು ರೊಟ್ಟಿ ತಿಂದೆ ಕಣವ್ವ. ಹನ್ನೊಂದು ಲಾರಿ ಹೋದ್ವು, ಎಣಿಸಿದೆ. ಒಬ್ಬ ಡ್ರೈವರು ಕೈ ಮಾಡಿದ."

ಕರಿಬಸಮ್ಮ ಮಗಳ ಬಾಯಿಗೆ ಅಂಟಿದ್ದ ರೊಟ್ಟಿಯ ಚೂರನ್ನು ಸೆರಗಿನಿಂದ ಒರೆಸಿದಳು. ಒರೆಸಿ, ಅದೇ ಸೆರಗಿನಿಂದ ತನ್ನ ಕಣ್ಣನ್ನೂ ಒರೆಸಿಕೊಂಡಳು. "ಲೇಟಾಯ್ತು, ಒಳಗೆ ಹೋಗು. ನಾಳೆ ಅಲ್ಲಿ ಅಷ್ಟೊತ್ತು ಕೂರಬ್ಯಾಡ," ಎಂದಳು. ನಾಳೆ ಎನ್ನುವ ಮಾತು ಕೇಳಿ ಮಕಬೂಲ ನನ್ನ ಭುಜ ಗಟ್ಟಿಯಾಗಿ ಅದುಮಿದ.

ಒಳಗೆ ಹೋಗುತ್ತಿದ್ದವಳು ತಿರುಗಿ ನನ್ನ ಹತ್ತಿರ ಬಂದಳು. "ತಾತ, ಸಂಜೆ ನನ್ ಜೊತೆ ಬರ್ತೀರಾ?"

"ಈಗ ದಾರಿ ಐತಲ್ಲೇ," ಎಂದೆ.

"ದಾರಿಗಲ್ಲ," ಎಂದಳು ಹೊನ್ನೂರಿ. "ಸುಮ್ನೆ."

ಸಂಜೆ ನಾಲ್ಕೂವರೆಗೆ ನಾನು ಗೇಟಿನಲ್ಲಿದ್ದೆ. ಇಬ್ಬರೂ ಹೊರಟೆವು. ಹೊಸದಾಗಿ ಕಲಿತ ಹದಿನೆಂಟರ ಮಗ್ಗಿ ಒಪ್ಪಿಸುತ್ತೇನೆ ಎಂದು ಶುರು ಮಾಡಿದಳು. ಹನ್ನೆರಡು ಹೆಜ್ಜೆಯ ಬೈಪಾಸು, ಹೊಲಿಗೆ ಅಂಗಡಿ, ಬೇವಿನ ಮರ, ಎಲ್ಲ ಸರಸರನೆ ಬಂದು ಹೋದವು. ಇನ್ನೂ ಸ್ವಲ್ಪ ನಿಧಾನವಾಗಿ ಬರಬಾರದೇ ಅನ್ನಿಸಿತು ನನಗೆ. ಹದಿನೆಂಟು ಆರ್ಲೆ ನೂರ ಎಂಟು ಅನ್ನುವಷ್ಟರಲ್ಲಿ ಅವಳ ಮನೆ ಬಂದೇಬಿಟ್ಟಿತು. ಅವಳು ಕೈ ಬೀಸಿ ಒಳಗೆ ಓಡಿದಳು. ನಾನು ತಿರುಗಿ ಒಬ್ಬನೇ ಕಲ್ಲಿನ ದಾರಿ ಹಿಡಿದೆ. ಬಿಸಿಲು ಇಳಿದಿತ್ತು, ಮುಂದೆ ದಾರಿ ಬಹಳ ಉದ್ದ ಬಿಚ್ಚಿಕೊಂಡಿತ್ತು. ಉಳಿದ ಮಗ್ಗಿಯನ್ನು ನಾನೇ ಹೇಳಿಕೊಂಡು ಬಂದೆ.